ಹಳೆಯ ಮೊಬೈಲ್ ದೂರವಾಣಿಗಳನ್ನು ಗಣಕಯಂತ್ರಕ್ಕೆ ಸಂಪರ್ಕಿಸುವುದು: ಯು.ಎಸ್.ಬಿ. ಡ್ರೈವರ್ ಪಡೆಯುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ವಿವಿಧ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಅವಶ್ಯವಾದ ದಾಖಲೆಯ ಛಾಯಾಚಿತ್ರ, ರಸೀದಿ ಸಂಖ್ಯೆ ಅಥವಾ ಕಿರುಸಂದೇಶವು ಹಲವು ವರ್ಷಗಳ ಹಿಂದೆ ಬಳಸಿ ಬದಿಗಿರಿಸಿದ ಮೊಬೈಲ್ ದೂರವಾಣಿಯಲ್ಲಿ ಮಾತ್ರ ಉಳಿದಿರುವ ಸಂದರ್ಭಗಳು ಅಪರೂಪವಲ್ಲ. ಕುಟುಂಬದ ಹಿರಿಯರು ನಿಧನರಾದ ನಂತರ ಅವರ ವಿಮಾ ಪಾಲಿಸಿಯ ಸಂಖ್ಯೆ, ಬ್ಯಾಂಕಿನಿಂದ ಬಂದ ಸಂದೇಶ, ಊರಿನ ಬಂಧುಗಳ ದೂರವಾಣಿ ಸಂಖ್ಯೆ ಇವು ಬೀರುವಿನಲ್ಲಿರುವ ಹಳೆಯ ಕೈಫೋನಿನಲ್ಲಿಯೇ ಇರುತ್ತವೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಸ್ವತ್ತಿನ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಬಳಿಕ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಬಡಾವಣೆಗಳ ಮಾಲೀಕರು ಹಳೆಯ ಕಂದಾಯ ರಸೀದಿಗಳನ್ನೂ ಕ್ರಯಪತ್ರಗಳನ್ನೂ ಹುಡುಕಬೇಕಾಗಿ ಬಂದಿದೆ. ಮೂಲ ಕಾಗದ ಕೈಗೆ ಸಿಗದಿದ್ದಲ್ಲಿ ಹಿಂದೊಮ್ಮೆ ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರದಿಂದಲಾದರೂ ದಾಖಲೆಯ ಸಂಖ್ಯೆ ತಿಳಿದುಬಂದು, ದೃಢೀಕೃತ ಪ್ರತಿಗೆ ಅರ್ಜಿ ಸಲ್ಲಿಸಲು ಅನುಕೂಲವಾಗುತ್ತದೆ.

ಇಂತಹ ದೂರವಾಣಿಯನ್ನು ಇಂದಿನ ಗಣಕಯಂತ್ರಕ್ಕೆ ಸಂಪರ್ಕಿಸಿದಾಗ ಸಾಮಾನ್ಯವಾಗಿ ಸಾಧನವನ್ನು ಗುರುತಿಸಲಾಗಲಿಲ್ಲ ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ಆಗ ಅನೇಕರು ದೂರವಾಣಿಯ ಮಾದರಿಯ ಹೆಸರಿನೊಂದಿಗೆ ಡ್ರೈವರ್ ಎಂಬ ಪದವನ್ನು ಸೇರಿಸಿ ಅಂತರ್ಜಾಲದಲ್ಲಿ ಹುಡುಕಿ, ಮೊದಲು ದೊರೆತ ತಾಣದಿಂದ ತಂತ್ರಾಂಶವನ್ನು ಇಳಿಸಿಕೊಳ್ಳುತ್ತಾರೆ. ಹೆಚ್ಚಿನ ತೊಂದರೆಗಳು ಆರಂಭವಾಗುವುದು ಇಲ್ಲಿಂದಲೇ. ಡ್ರೈವರ್ ಹುಡುಕುವುದು ಮೊದಲ ಕ್ರಮವಾಗಿರದೆ ಕೊನೆಯ ಕ್ರಮವಾಗಿರಬೇಕು ಹಾಗೂ ಅದನ್ನು ಮಾದರಿಯ ಹೆಸರಿನಿಂದಲ್ಲದೆ ಯಂತ್ರಾಂಶ ಸಂಖ್ಯೆಯಿಂದ ಹುಡುಕಬೇಕು ಎಂಬುದನ್ನು ಅರ್ಜಿದಾರರು ಗಮನಿಸಲು ಕೋರಲಾಗಿದೆ.

ಸಂಪರ್ಕಿಸುವ ಮೊದಲು

ದೂರವಾಣಿಯ ಹಿಂಬದಿಯ ಮುಚ್ಚಳವನ್ನು ತೆರೆದು ಬ್ಯಾಟರಿಯನ್ನು ಪರಿಶೀಲಿಸತಕ್ಕದ್ದು. ಬ್ಯಾಟರಿಯು ಉಬ್ಬಿದ್ದಲ್ಲಿ ಅದನ್ನು ಯಾವುದೇ ಕಾರಣಕ್ಕೂ ಚಾರ್ಜ್ ಮಾಡಬಾರದು. ನೋಕಿಯಾ ಸಂಸ್ಥೆಯು 2007ರ ಆಗಸ್ಟ್‌ನಲ್ಲಿ ಬಿ.ಎಲ್.-5ಸಿ ಮಾದರಿಯ ಸುಮಾರು 4.6 ಕೋಟಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ನೀಡಿ ಬದಲಾಯಿಸಿಕೊಡಲು ಮುಂದೆ ಬಂದಿತ್ತು. ಅವು 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಾದವು. ಆ ಕಾಲದ ಬ್ಯಾಟರಿಗಳು ಇಂದಿಗೂ ಮನೆಗಳಲ್ಲಿ ಇರಬಹುದಾಗಿದ್ದು, ಹೊಸ ಬ್ಯಾಟರಿಯನ್ನು ಬಳಸುವುದು ಸುರಕ್ಷಿತ. ಹಿಂದಿನ ನೋಕಿಯಾ ದತ್ತಾಂಶ ಕೇಬಲ್‌ಗಳಾದ ಡಿ.ಕೆ.ಯು.-2 ಮತ್ತು ಸಿ.ಎ.-53 ಇವುಗಳ ಮೂಲಕ ದೂರವಾಣಿ ಚಾರ್ಜ್ ಆಗುವುದಿಲ್ಲವಾದ್ದರಿಂದ ಪ್ರತ್ಯೇಕ ಚಾರ್ಜರ್ ಅವಶ್ಯಕ.

ಕೆಲವು ದೂರವಾಣಿಗಳು ಸಿಮ್ ಇಲ್ಲದೆ ಮುಂದುವರಿಯುವುದಿಲ್ಲ. ಈಗಿನ ಸಣ್ಣ ಗಾತ್ರದ ಸಿಮ್ ಅನ್ನು ಹಳೆಯ ದೂರವಾಣಿಗೆ ಹಾಕುವಾಗ ಅದಕ್ಕೆ ತಕ್ಕ ಚೌಕಟ್ಟಿನಲ್ಲಿಟ್ಟೇ ಹಾಕತಕ್ಕದ್ದು. ಸಿಮ್ ಇಲ್ಲದ ಬರಿಯ ಚೌಕಟ್ಟನ್ನು ತೂರಿಸಿದಲ್ಲಿ ಒಳಗಿನ ತಂತಿಗಳು ಕಿತ್ತುಬರುತ್ತವೆ.

ಡ್ರೈವರ್ ಇಲ್ಲದೆ ಮಾಹಿತಿ ಪಡೆಯುವ ವಿಧಾನಗಳು

ದೂರವಾಣಿಯಲ್ಲಿ ಮೆಮೊರಿ ಕಾರ್ಡ್ ಇದ್ದಲ್ಲಿ ಅದನ್ನು ಹೊರತೆಗೆದು ಕಾರ್ಡ್ ರೀಡರ್ ಮೂಲಕ ಗಣಕಯಂತ್ರಕ್ಕೆ ಸಂಪರ್ಕಿಸಿದರೆ ಛಾಯಾಚಿತ್ರಗಳು ಯಾವುದೇ ಡ್ರೈವರ್ ಇಲ್ಲದೆ ದೊರೆಯುತ್ತವೆ. ಹಾಗೆ ಸಂಪರ್ಕಿಸಿದಾಗ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೆ ಎಂದು ಗಣಕಯಂತ್ರವು ಕೇಳಿದಲ್ಲಿ ಒಪ್ಪಬಾರದು. ಒಪ್ಪಿದರೆ ಕಡತಗಳು ಅಳಿಸಿಹೋಗುತ್ತವೆ.

ಛಾಯಾಚಿತ್ರಗಳು ದೂರವಾಣಿಯ ಒಳಸ್ಮರಣೆಯಲ್ಲಿದ್ದರೆ ಅವುಗಳನ್ನು ದೂರವಾಣಿಯಲ್ಲಿಯೇ ಆಯ್ಕೆ ಮಾಡಿ ಕಾರ್ಡಿಗೆ ನಕಲು ಮಾಡಬಹುದು ಅಥವಾ ಬ್ಲೂಟೂತ್ ಮೂಲಕ ಕಳುಹಿಸಬಹುದು. ವಿಂಡೋಸ್ 10 ಮತ್ತು 11ರಲ್ಲಿ ಬ್ಲೂಟೂತ್ ವ್ಯವಸ್ಥೆಯ ಅಡಿಯಲ್ಲಿ ಕಡತವನ್ನು ಸ್ವೀಕರಿಸುವ ಆಯ್ಕೆಯನ್ನು ಮೊದಲು ತೆರೆದಿಟ್ಟು, ನಂತರ ದೂರವಾಣಿಯಿಂದ ಕಳುಹಿಸತಕ್ಕದ್ದು. ಸ್ವೀಕರಿಸುವ ಕಿಟಕಿಯನ್ನು ತೆರೆಯದೆ ಕಳುಹಿಸಿ, ಬ್ಲೂಟೂತ್ ಕೆಟ್ಟಿದೆ ಎಂದು ಭಾವಿಸುವವರೇ ಹೆಚ್ಚು.

ನೋಕಿಯಾ ಸೀರೀಸ್ 40 ವರ್ಗದ ಹಲವು ಮಾದರಿಗಳಲ್ಲಿ ಬ್ಯಾಕಪ್ ರಚಿಸುವ ಸೌಲಭ್ಯವಿದೆ. ಇದರಿಂದ ಹೆಸರುಗಳು, ಸಂದೇಶಗಳು ಎಲ್ಲವೂ ಎನ್.ಬಿ.ಎಫ್. ಎಂಬ ವಿಸ್ತರಣೆಯುಳ್ಳ ಒಂದೇ ಕಡತವಾಗಿ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತವೆ. ಈ ಕಡತವು ವಾಸ್ತವವಾಗಿ ಸಾಮಾನ್ಯ ಜಿಪ್ ಕಡತವೇ ಆಗಿದ್ದು, ವಿಸ್ತರಣೆಯನ್ನು ಜಿಪ್ ಎಂದು ಬದಲಾಯಿಸಿ ತೆರೆದರೆ ಪ್ರತಿ ಹೆಸರೂ ಪ್ರತಿ ಸಂದೇಶವೂ ಪ್ರತ್ಯೇಕ ಕಡತವಾಗಿ ಕಾಣಿಸುತ್ತದೆ. ಈ ಸೌಲಭ್ಯವು ಹೆಚ್ಚು ಪ್ರಚಾರ ಪಡೆಯದಿದ್ದರೂ ಅತ್ಯಂತ ಉಪಯುಕ್ತವಾದುದು. 2003ರಲ್ಲಿ ಬಿಡುಗಡೆಯಾದ ನೋಕಿಯಾ 1100ರಂತಹ ಮಾದರಿಗಳಲ್ಲಿ ಬಳಕೆದಾರರಿಗೆ ಕೇಬಲ್ ಸಂಪರ್ಕವೂ ಇಲ್ಲ, ಬ್ಲೂಟೂತ್ ಕೂಡ ಇಲ್ಲ. ಅವುಗಳಿಗೆ ಡ್ರೈವರ್ ಹುಡುಕುವುದು ವ್ಯರ್ಥ ಶ್ರಮ. ಹೆಸರುಗಳನ್ನು ಸಿಮ್‌ಗೆ ನಕಲಿಸಿ, ಸಂದೇಶಗಳನ್ನು ಪರದೆಯ ಮೇಲಿಂದಲೇ ಇನ್ನೊಂದು ದೂರವಾಣಿಯಿಂದ ಛಾಯಾಚಿತ್ರ ತೆಗೆದುಕೊಳ್ಳತಕ್ಕದ್ದು.

ಕೇಬಲ್ ಮತ್ತು ಸಂಪರ್ಕದ ವಿಧ

ಮೇಲ್ಕಂಡ ಯಾವ ವಿಧಾನವೂ ಸಾಧ್ಯವಾಗದಿದ್ದಲ್ಲಿ ಕೇಬಲ್ ಅವಶ್ಯವಾಗುತ್ತದೆ. ಮಾರುಕಟ್ಟೆಯ ಅನೇಕ ಅಗ್ಗದ ಕೇಬಲ್‌ಗಳಲ್ಲಿ ವಿದ್ಯುತ್ತಿನ ಎರಡು ತಂತಿಗಳು ಮಾತ್ರ ಇದ್ದು ದತ್ತಾಂಶದ ತಂತಿಗಳು ಇರುವುದಿಲ್ಲ. ದೂರವಾಣಿ ಚಾರ್ಜ್ ಆಗುತ್ತಿದ್ದು ಗಣಕಯಂತ್ರದಲ್ಲಿ ಯಾವುದೇ ಧ್ವನಿ ಅಥವಾ ಸೂಚನೆ ಬಾರದಿದ್ದಲ್ಲಿ ಡ್ರೈವರಿನ ಬದಲು ಕೇಬಲ್ಲಿನ ಮೇಲೆ ಸಂಶಯ ಪಡುವುದು ಸೂಕ್ತ. ಗಣಕಯಂತ್ರಕ್ಕೆ ಸಾಧನ ಬಂದಿರುವುದೇ ತಿಳಿಯದಿದ್ದಾಗ ಯಾವ ಡ್ರೈವರಿನಿಂದಲೂ ಪ್ರಯೋಜನವಿಲ್ಲ.

ಸಂಪರ್ಕಿಸಿದ ಕೂಡಲೇ ದೂರವಾಣಿಯ ಪರದೆಯ ಮೇಲೆ ಸಂಪರ್ಕದ ವಿಧವನ್ನು ಆರಿಸುವ ಪಟ್ಟಿ ಬರುತ್ತದೆ. ನೋಕಿಯಾದಲ್ಲಿ ಪಿ.ಸಿ. ಸೂಟ್ ಅಥವಾ ನೋಕಿಯಾ ಮೋಡ್, ಡೇಟಾ ಸ್ಟೋರೇಜ್, ಪ್ರಿಂಟಿಂಗ್ ಎಂದೂ, ಕಾರ್ಬನ್, ಮೈಕ್ರೋಮ್ಯಾಕ್ಸ್ ಮುಂತಾದ ಕೀಲಿಮಣೆ ದೂರವಾಣಿಗಳಲ್ಲಿ ಮಾಸ್ ಸ್ಟೋರೇಜ್, ವೆಬ್‌ಕ್ಯಾಮ್, ಕಾಮ್ ಪೋರ್ಟ್ ಎಂದೂ ಇರುತ್ತವೆ. ಡೇಟಾ ಸ್ಟೋರೇಜ್ ಅಥವಾ ಮಾಸ್ ಸ್ಟೋರೇಜ್ ಆರಿಸಿದಲ್ಲಿ ದೂರವಾಣಿಯು ಪೆನ್ ಡ್ರೈವಿನಂತೆ ಕಾಣಿಸಿಕೊಳ್ಳುವುದು. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲಿಯೇ ಅಡಕವಾಗಿದೆ. ಆದರೆ ಈ ವಿಧದಲ್ಲಿ ಹೆಸರುಗಳೂ ಕಿರುಸಂದೇಶಗಳೂ ಕಾಣಿಸುವುದಿಲ್ಲ. ಅವು ಬೇಕಿದ್ದವರು ಮಾತ್ರ ಪಿ.ಸಿ. ಸೂಟ್ ಅಥವಾ ಕಾಮ್ ಪೋರ್ಟ್ ವಿಧವನ್ನು ಆರಿಸಿ ಮುಂದಿನ ಕ್ರಮಕ್ಕೆ ಹೋಗತಕ್ಕದ್ದು.

ಯಂತ್ರಾಂಶ ಸಂಖ್ಯೆಯನ್ನು ತಿಳಿಯುವುದು

ಬ್ಯಾಂಕಿನಲ್ಲಿ ಒಂದೇ ಹೆಸರಿನ ಹಲವು ಗ್ರಾಹಕರಿದ್ದರೂ ಖಾತೆ ಸಂಖ್ಯೆಯಿಂದ ವ್ಯವಹಾರ ಗುರುತಿಸಲ್ಪಡುವಂತೆ, ಪ್ರತಿಯೊಂದು ಯು.ಎಸ್.ಬಿ. ಸಾಧನವೂ ತನ್ನ ತಯಾರಕರ ಸಂಖ್ಯೆಯನ್ನೂ ಉತ್ಪನ್ನದ ಸಂಖ್ಯೆಯನ್ನೂ ಗಣಕಯಂತ್ರಕ್ಕೆ ತಿಳಿಸುತ್ತದೆ. ಇವುಗಳನ್ನು ಕ್ರಮವಾಗಿ ವಿ.ಐ.ಡಿ. ಮತ್ತು ಪಿ.ಐ.ಡಿ. ಎನ್ನಲಾಗುತ್ತದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ಚಿಹ್ನೆಯುಳ್ಳ ಸಾಧನದ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಪುಟಕ್ಕೆ ಹೋಗಿ, ಹಾರ್ಡ್‌ವೇರ್ ಐಡಿಗಳನ್ನು ಆರಿಸಿದರೆ ಇವು ಕಾಣಿಸುತ್ತವೆ. ತಯಾರಕರ ಸಂಖ್ಯೆ 0421 ಇದ್ದಲ್ಲಿ ನೋಕಿಯಾ, 04ಇ8 ಸ್ಯಾಮ್‌ಸಂಗ್, 0ಎಫ್‌ಸಿಇ ಸೋನಿ ಎರಿಕ್ಸನ್, 22ಬಿ8 ಮೊಟೊರೋಲಾ, 1004 ಎಲ್.ಜಿ., 0ಬಿಬಿ4 ಎಚ್.ಟಿ.ಸಿ., 0ಇ8ಡಿ ಮೀಡಿಯಾಟೆಕ್ ಎಂದು ತಿಳಿಯುವುದು.

ಇದೇ ಪ್ರಾಪರ್ಟೀಸ್‌ನ ಮೊದಲ ಪುಟದಲ್ಲಿ ದೋಷದ ಸಂಖ್ಯೆಯೂ ಇರುತ್ತದೆ. ಕೋಡ್ 28 ಎಂದರೆ ಡ್ರೈವರ್ ಸ್ಥಾಪನೆಯಾಗಿಲ್ಲ ಎಂದರ್ಥ. ಈ ಸಂದರ್ಭದಲ್ಲಿ ಮಾತ್ರ ಡ್ರೈವರ್ ಹುಡುಕುವುದು ಸರಿಯಾದ ಮಾರ್ಗ. ಕೋಡ್ 43 ಬಂದಲ್ಲಿ ಸಾಧನವೇ ದೋಷ ತೋರಿಸುತ್ತಿದ್ದು, ಕೇಬಲ್, ಪೋರ್ಟ್ ಅಥವಾ ದೂರವಾಣಿಯ ಸಾಕೆಟ್ ಪರಿಶೀಲಿಸಬೇಕು. ಕೋಡ್ 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪಿಲ್ಲ. ಈ ಸಂಖ್ಯೆಗಳನ್ನು ನೋಡದೆಯೇ ಒಂದರ ಮೇಲೊಂದು ಡ್ರೈವರ್ ಸ್ಥಾಪಿಸುತ್ತಾ ಹೋದಲ್ಲಿ ಗಣಕಯಂತ್ರವು ಮತ್ತಷ್ಟು ಗೊಂದಲಕ್ಕೊಳಗಾಗುವುದು.

ನೋಕಿಯಾ ದೂರವಾಣಿಗಳು

ನೋಕಿಯಾ ದೂರವಾಣಿಗಳ ಕೇಬಲ್‌ಗಳಲ್ಲಿ ಎರಡು ಬಗೆಗಳಿವೆ. ಡಿ.ಕೆ.ಯು.-2, ಸಿ.ಎ.-53 ಹಾಗೂ ನಂತರದ ಮಿನಿ ಮತ್ತು ಮೈಕ್ರೋ ಯು.ಎಸ್.ಬಿ. ಕೇಬಲ್‌ಗಳು ನೇರ ಸಂಪರ್ಕದವು. ಇಲ್ಲಿ ಗಣಕಯಂತ್ರಕ್ಕೆ ಕಾಣಿಸುವುದು ದೂರವಾಣಿಯ ಸಂಖ್ಯೆಯೇ. ಡಿ.ಕೆ.ಯು.-5 ಮತ್ತು ಸಿ.ಎ.-42 ಕೇಬಲ್‌ಗಳ ಒಳಗಾದರೋ ಪರಿವರ್ತಕ ಚಿಪ್ ಒಂದಿದ್ದು, ಗಣಕಯಂತ್ರಕ್ಕೆ ಕಾಣಿಸುವುದು ಆ ಚಿಪ್ ಮಾತ್ರ. ಇವುಗಳ ಅನುಕರಣೆಯ ಕೇಬಲ್‌ಗಳು ಹೇರಳವಾಗಿ ಮಾರಾಟವಾಗಿದ್ದು, ಅನೇಕವುಗಳಲ್ಲಿ ಪ್ರೊಲಿಫಿಕ್ ಸಂಸ್ಥೆಯ ಪಿ.ಎಲ್.2303 ಚಿಪ್ ಅಥವಾ ಅದರ ನಕಲು ಇರುತ್ತದೆ. ಅಂತಹ ಕೇಬಲ್ ಬಳಸಿದಾಗ ತಯಾರಕರ ಸಂಖ್ಯೆ 0421 ಬಾರದೆ 067ಬಿ ಎಂದು ಬರುತ್ತದೆ. ಆಗ ನೋಕಿಯಾ ಡ್ರೈವರನ್ನು ಎಷ್ಟು ಬಾರಿ ಸ್ಥಾಪಿಸಿದರೂ ಫಲವಿಲ್ಲ; ಬೇಕಾಗಿರುವುದು ಪ್ರೊಲಿಫಿಕ್ ಡ್ರೈವರ್. ಮಾದರಿಯ ಹೆಸರಿನಿಂದ ಹುಡುಕಬಾರದೆಂದು ಮೇಲೆ ತಿಳಿಸಿರುವುದು ಇದೇ ಕಾರಣಕ್ಕೆ.

ಇಲ್ಲಿ ಇನ್ನೊಂದು ತೊಡಕಿದೆ. ಪ್ರೊಲಿಫಿಕ್ ಸಂಸ್ಥೆಯು ಈ ಚಿಪ್ಪಿನ ಹಳೆಯ ಆವೃತ್ತಿಯನ್ನು 2012ರಿಂದ ಕೈಬಿಟ್ಟಿರುವುದರಿಂದ, ಅದರ ಹೊಸ ಡ್ರೈವರ್ ಹಳೆಯ ಹಾಗೂ ನಕಲಿ ಚಿಪ್‌ಗಳನ್ನು ಗುರುತಿಸಿ ಕೋಡ್ 10 ದೋಷದೊಂದಿಗೆ ನಿಲ್ಲಿಸುತ್ತದೆ ಅಥವಾ ಚಿಪ್ ಬಳಕೆಯಿಂದ ಹೊರಗುಳಿದಿದೆಯೆಂದು ಸಾಧನದ ಹೆಸರಿನಲ್ಲಿಯೇ ತೋರಿಸುತ್ತದೆ. ದೂರವಾಣಿ ಕೆಟ್ಟಿದೆಯೆಂದು ಇದರ ಅರ್ಥವಲ್ಲ. ವಿಂಡೋಸ್‌ನಲ್ಲಿ ಹಳೆಯ ಆವೃತ್ತಿಯ ಡ್ರೈವರ್ ಈಗಾಗಲೇ ಇದ್ದಲ್ಲಿ ರೋಲ್ ಬ್ಯಾಕ್ ಆಯ್ಕೆಯಿಂದ ಅದಕ್ಕೆ ಮರಳಬಹುದು.

ನೋಕಿಯಾ ಮೊಬೈಲ್ ವ್ಯವಹಾರವು 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಗೆ ಹಸ್ತಾಂತರವಾಯಿತು. ಅದೇ ವರ್ಷ ನೆರೆಯ ತಮಿಳುನಾಡಿನ ಶ್ರೀಪೆರಂಬದೂರಿನ ಕಾರ್ಖಾನೆಯೂ ಮುಚ್ಚಿತು. ನಂತರ ಹಳೆಯ ಮಾದರಿಗಳ ಡೌನ್‌ಲೋಡ್ ಪುಟಗಳು ಅಂತರ್ಜಾಲದಿಂದ ಮರೆಯಾದವು. ಹಳೆಯ ಮಾದರಿಗಳಿಗೆ ಬೇಕಾಗುವ ನೋಕಿಯಾ ಪಿ.ಸಿ. ಸೂಟ್ 7.1 ಹಾಗೂ ನೋಕಿಯಾ ಸೂಟ್ ತಂತ್ರಾಂಶಗಳ ಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್ ಸಂಗ್ರಹದಲ್ಲಿ ಹುಡುಕಬಹುದು. ಪ್ರತ್ಯೇಕ ಡ್ರೈವರ್ ಅವಶ್ಯವಿಲ್ಲ. ಈ ತಂತ್ರಾಂಶಗಳೊಂದಿಗೆ ನೋಕಿಯಾ ಕನೆಕ್ಟಿವಿಟಿ ಕೇಬಲ್ ಡ್ರೈವರ್ ತಾನಾಗಿಯೇ ಸ್ಥಾಪನೆಯಾಗುತ್ತದೆ. ಸ್ಥಾಪನೆ ಮುಗಿಯುವವರೆಗೆ ದೂರವಾಣಿಯನ್ನು ಸಂಪರ್ಕಿಸದಿರುವುದು ಮುಖ್ಯ.

ಮನೆಯಲ್ಲಿ ವಿಂಡೋಸ್ ಎಕ್ಸ್.ಪಿ. ಅಥವಾ ವಿಂಡೋಸ್ 7 ಇರುವ ಹಳೆಯ ಗಣಕಯಂತ್ರವಿದ್ದಲ್ಲಿ ಈ ಕೆಲಸಕ್ಕೆ ಅದೇ ಉತ್ತಮ. ಎಕ್ಸ್.ಪಿ.ಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಬೆಂಬಲ ಕೊನೆಗೊಂಡಿರುವುದರಿಂದ ಅಂತಹ ಗಣಕಯಂತ್ರವನ್ನು ಅಂತರ್ಜಾಲಕ್ಕೆ ಸಂಪರ್ಕಿಸದೆ, ತಂತ್ರಾಂಶವನ್ನು ಪೆನ್ ಡ್ರೈವ್ ಮೂಲಕ ಒಯ್ದು ಬಳಸತಕ್ಕದ್ದು. ಇದಕ್ಕೆ ಬದಲಾಗಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಪೆನ್ ಡ್ರೈವಿನಿಂದಲೇ ಚಾಲನೆ ಮಾಡುವ ವಿಧಾನವೂ ಇದೆ. ಅದರಲ್ಲಿ ಪಿ.ಎಲ್.2303 ಮುಂತಾದ ಚಿಪ್‌ಗಳ ಡ್ರೈವರ್ ಮೊದಲೇ ಸೇರಿದ್ದು, ಗಮ್ಮು ಎಂಬ ಉಚಿತ ತಂತ್ರಾಂಶದಿಂದ ಹಲವು ನೋಕಿಯಾ ಮಾದರಿಗಳ ಹೆಸರು ಮತ್ತು ಸಂದೇಶಗಳನ್ನು ಓದಬಹುದು. ಆದೇಶಗಳನ್ನು ಬೆರಳಚ್ಚು ಮಾಡಬೇಕಾಗುವುದರಿಂದ ತಿಳಿದವರೊಬ್ಬರ ನೆರವು ಪಡೆಯುವುದು ಒಳ್ಳೆಯದು.

ಕಾರ್ಬನ್, ಮೈಕ್ರೋಮ್ಯಾಕ್ಸ್ ಹಾಗೂ ಹೆಸರಿಲ್ಲದ ದೂರವಾಣಿಗಳು

ಬೆಂಗಳೂರಿನ ಯು.ಟಿ.ಎಲ್. ಸಮೂಹ ಮತ್ತು ದೆಹಲಿಯ ಜೈನಾ ಸಮೂಹ ಸೇರಿ 2009ರಲ್ಲಿ ಆರಂಭಿಸಿದ ಕಾರ್ಬನ್ ಸೇರಿದಂತೆ ಆ ಕಾಲದ ಎರಡು ಸಿಮ್‌ಗಳ ಅನೇಕ ದೂರವಾಣಿಗಳು ಮೀಡಿಯಾಟೆಕ್ ಚಿಪ್ ಆಧಾರಿತವಾಗಿದ್ದವು. ಹೊರಗಿನ ಹೆಸರು ಯಾವುದೇ ಇದ್ದರೂ ಒಳಗಿನ ಸಂಖ್ಯೆ 0ಇ8ಡಿ ಆಗಿರುವುದರಿಂದ ಒಂದೇ ಡ್ರೈವರ್ ಹಲವಕ್ಕೆ ಸಲ್ಲುತ್ತದೆ. ಐ.ಎಂ.ಇ.ಐ. ಸಂಖ್ಯೆ ಇಲ್ಲದ ದೂರವಾಣಿಗಳ ಸೇವೆಯನ್ನು 2009ರ ಡಿಸೆಂಬರ್ 1ರಿಂದ ದೇಶದಾದ್ಯಂತ ಸ್ಥಗಿತಗೊಳಿಸಲಾಗಿತ್ತು. ಆಗ ಮೂಲೆ ಸೇರಿದ ದೂರವಾಣಿಗಳಿಂದ ಕರೆ ಮಾಡಲಾಗದಿದ್ದರೂ ಅವುಗಳಲ್ಲಿನ ಛಾಯಾಚಿತ್ರಗಳನ್ನು ಮಾಸ್ ಸ್ಟೋರೇಜ್ ವಿಧದಲ್ಲಿ ಪಡೆಯಲು ಅಡ್ಡಿಯಿಲ್ಲ.

ಈ ವರ್ಗದ ದೂರವಾಣಿಗಳಿಗೆ ಅಂತರ್ಜಾಲದಲ್ಲಿ ದೊರೆಯುವ ಹಲವು ಡ್ರೈವರ್‌ಗಳು ದುರಸ್ತಿಗಾರರು ತಂತ್ರಾಂಶವನ್ನು ಮರುತುಂಬಲು, ಅಂದರೆ ಫ್ಲ್ಯಾಶ್ ಮಾಡಲು ಬಳಸುವಂತಹವು. ದೂರವಾಣಿಯನ್ನು ಆರಿಸಿ ಕೇಬಲ್ ಸಿಕ್ಕಿಸಿರಿ ಎಂಬ ಸೂಚನೆ ಇದ್ದಲ್ಲಿ ಅದು ಫ್ಲ್ಯಾಶ್ ಮಾಡುವ ವಿಧಾನವೆಂದು ತಿಳಿಯತಕ್ಕದ್ದು. ಡ್ರೈವರಿನಿಂದಲೇ ಹಾನಿಯಾಗುವುದಿಲ್ಲ, ಅದರೊಂದಿಗೆ ಬರುವ ಉಪಕರಣದಲ್ಲಿ ಒಂದು ಗುಂಡಿ ತಪ್ಪಿ ಒತ್ತಿದರೂ ಯಾವ ಸಂದೇಶಕ್ಕಾಗಿ ಇಷ್ಟೆಲ್ಲ ಶ್ರಮ ನಡೆಯಿತೋ ಅದೇ ಅಳಿಸಿಹೋಗಬಹುದು.

ಆರಂಭದ ಆಂಡ್ರಾಯ್ಡ್ ದೂರವಾಣಿಗಳು

ಆಂಡ್ರಾಯ್ಡ್ 2.3ರವರೆಗಿನ ದೂರವಾಣಿಗಳಲ್ಲಿ ಕೇಬಲ್ ಸಿಕ್ಕಿಸಿದ ಮೇಲೆ ಪರದೆಯ ಮೇಲ್ಭಾಗವನ್ನು ಕೆಳಗೆಳೆದು ಯು.ಎಸ್.ಬಿ. ಸ್ಟೋರೇಜ್ ಚಾಲನೆ ಮಾಡಬೇಕು. ನಂತರದ ಆವೃತ್ತಿಗಳಲ್ಲಿ ಎಂ.ಟಿ.ಪಿ. ವಿಧ ಬಂದಿದ್ದು, ಪರದೆಯ ಬೀಗ ತೆಗೆಯದಿದ್ದಲ್ಲಿ ಕಡತಕೋಶ ಖಾಲಿಯಾಗಿ ಕಾಣಿಸಬಹುದು. ಗಣಕಯಂತ್ರವು ಎಂ.ಟಿ.ಪಿ. ಸಾಧನವನ್ನು ಗುರುತಿಸದಿದ್ದಲ್ಲಿ ಹೊಸದೇನನ್ನೂ ಇಳಿಸಿಕೊಳ್ಳುವ ಮೊದಲು, ಡಿವೈಸ್ ಮ್ಯಾನೇಜರ್‌ನಲ್ಲಿ ಅಪ್‌ಡೇಟ್ ಡ್ರೈವರ್ ಆರಿಸಿ, ಗಣಕಯಂತ್ರದಲ್ಲಿರುವ ಪಟ್ಟಿಯಿಂದ ಎಂ.ಟಿ.ಪಿ. ಯು.ಎಸ್.ಬಿ. ಡಿವೈಸ್ ಎಂಬುದನ್ನು ಸ್ವತಃ ಆಯ್ಕೆ ಮಾಡಿ ನೋಡತಕ್ಕದ್ದು. ಬಹುತೇಕ ಸಂದರ್ಭಗಳಲ್ಲಿ ಇಷ್ಟರಿಂದಲೇ ಕೆಲಸವಾಗುತ್ತದೆ. ಸ್ಯಾಮ್‌ಸಂಗ್ ಸಂಸ್ಥೆಯು ತನ್ನ ಡೆವಲಪರ್ ತಾಣದಲ್ಲಿ ಯು.ಎಸ್.ಬಿ. ಡ್ರೈವರ್ ಒದಗಿಸಿದೆ. ಎಲ್.ಜಿ. ಸಂಸ್ಥೆಯು 2021ರಲ್ಲಿ ಮೊಬೈಲ್ ವ್ಯವಹಾರವನ್ನೇ ಮುಚ್ಚಿದೆ.

ಡ್ರೈವರ್ ಎಲ್ಲಿಂದ ಪಡೆಯಬೇಕು

ಮೊದಲು ತಯಾರಕರ ಅಧಿಕೃತ ತಾಣ. ಅದು ಇಲ್ಲವಾದಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್. ಈ ಕ್ಯಾಟಲಾಗ್‌ನ ಹುಡುಕು ಪೆಟ್ಟಿಗೆಯಲ್ಲಿ ವಿ.ಐ.ಡಿ. ಮತ್ತು ಪಿ.ಐ.ಡಿ. ಸಂಖ್ಯೆಗಳನ್ನೇ ನಮೂದಿಸಿ ಹುಡುಕಬಹುದಾಗಿದೆ. ದೊರೆತ ಕ್ಯಾಬ್ ಕಡತವನ್ನು ಬಿಡಿಸಿ, ಅದರಲ್ಲಿನ ಐ.ಎನ್.ಎಫ್. ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ತಮ್ಮ ಸಾಧನದ ಸಂಖ್ಯೆ ಅದರಲ್ಲಿ ಇದೆಯೇ ಎಂದು ನೋಡಿಕೊಂಡಲ್ಲಿ ಸರಿಯಾದ ಡ್ರೈವರ್ ಹೌದೋ ಅಲ್ಲವೋ ಎಂಬುದು ಸ್ಥಾಪಿಸುವ ಮೊದಲೇ ತಿಳಿಯುತ್ತದೆ.

ಇತರ ಸಂಗ್ರಹಗಳಿಂದ ಪಡೆದ ಕಡತವನ್ನು ತೆರೆಯುವ ಮುನ್ನ ಅದರ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಪುಟವನ್ನು ನೋಡತಕ್ಕದ್ದು. ತಯಾರಕರ ಹೆಸರಿನ ಸಹಿ ಇಲ್ಲದ ಕಡತವನ್ನು ಚಾಲನೆ ಮಾಡಬಾರದು. ಎಲ್ಲ ಡ್ರೈವರ್‌ಗಳನ್ನೂ ತಾನೇ ಹುಡುಕಿಕೊಡುವುದಾಗಿ ಹೇಳುವ ತಂತ್ರಾಂಶಗಳು, ಹಣ ಅಥವಾ ಒ.ಟಿ.ಪಿ. ಕೇಳುವ ತಾಣಗಳು, ದೂರದಿಂದ ಗಣಕಯಂತ್ರವನ್ನು ನಿಯಂತ್ರಿಸಿ ಸರಿಪಡಿಸುವುದಾಗಿ ಬರುವ ಕರೆಗಳು ಇವುಗಳಿಂದ ದೂರವಿರಲು ಕೋರಲಾಗಿದೆ. ಹಣ ಕಳೆದುಕೊಂಡಲ್ಲಿ ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

64 ಬಿಟ್ ವಿಂಡೋಸ್ ವಿಸ್ಟಾದಿಂದ ಮೊದಲ್ಗೊಂಡು ಸಹಿಯಿಲ್ಲದ ಕರ್ನಲ್ ಡ್ರೈವರ್‌ಗಳಿಗೆ ಅವಕಾಶವಿಲ್ಲ. ಸಹಿಯ ಪರಿಶೀಲನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಆಯ್ಕೆ ವಿಂಡೋಸ್‌ನ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ ಇದ್ದು, ಗಣಕಯಂತ್ರ ಪುನಃ ಪ್ರಾರಂಭವಾದಾಗ ರದ್ದಾಗುತ್ತದೆ. ನೆಟ್ ಬ್ಯಾಂಕಿಂಗ್‌ಗೆ ಬಳಸುವ ಗಣಕಯಂತ್ರದಲ್ಲಿ ಇದನ್ನು ಮಾಡದಿರುವುದೇ ಲೇಸು. ಬೆಂಗಳೂರು ಒನ್ ಕೇಂದ್ರ, ಸಾರ್ವಜನಿಕ ಗ್ರಂಥಾಲಯ, ಸೈಬರ್ ಕೇಂದ್ರಗಳ ಗಣಕಯಂತ್ರಗಳಲ್ಲಿ ಡ್ರೈವರ್ ಸ್ಥಾಪಿಸಲು ಪ್ರಯತ್ನಿಸಬಾರದು. ಅಲ್ಲಿಗೆ ಹೋಗುವ ಮೊದಲೇ ಕಡತವನ್ನು ಮನೆಯಲ್ಲಿ ಸಿದ್ಧಪಡಿಸಿಕೊಳ್ಳತಕ್ಕದ್ದು.

ಹಳೆಯ ಕೇಬಲ್, ಕಾರ್ಡ್ ರೀಡರ್ ಅಥವಾ ಬ್ಯಾಟರಿ ಬಡಾವಣೆಯ ಮಳಿಗೆಗಳಲ್ಲಿ ದೊರೆಯದಿದ್ದಲ್ಲಿ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ರಾಜಾಜಿನಗರದವರು ಹಸಿರು ಮಾರ್ಗದ ಮೆಟ್ರೋದಲ್ಲಿ ನೇರವಾಗಿ ಚಿಕ್ಕಪೇಟೆ ಅಥವಾ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೂ, ವಿಜಯನಗರ ಮತ್ತು ಕೆಂಗೇರಿಯವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಅಲ್ಲಿ ಬದಲಾಯಿಸಿಯೂ ತಲುಪಬಹುದು. ದೂರವಾಣಿಯನ್ನು ಜೊತೆಯಲ್ಲಿ ಒಯ್ದು ಕೇಬಲ್ ಹೊಂದಿಕೆಯಾಗುವುದನ್ನು ಅಲ್ಲಿಯೇ ನೋಡಿಕೊಳ್ಳತಕ್ಕದ್ದು. ದುರಸ್ತಿಗೆ ಕೊಡುವುದಾದಲ್ಲಿ ಮೆಮೊರಿ ಕಾರ್ಡ್ ಮತ್ತು ಸಿಮ್ ತೆಗೆದಿಟ್ಟುಕೊಂಡು, ಏನನ್ನೂ ಅಳಿಸಬಾರದೆಂದು ಚೀಟಿಯಲ್ಲಿ ಬರೆಸಿಕೊಡುವುದು ಉತ್ತಮ.

ಕನ್ನಡದ ಹೆಸರುಗಳು

ಹಳೆಯ ದೂರವಾಣಿಗಳಿಂದ ಹೊರಬರುವ ವಿ-ಕಾರ್ಡ್ ಕಡತಗಳಲ್ಲಿ ಕನ್ನಡದ ಹೆಸರುಗಳು ಸಮಚಿಹ್ನೆಗಳೂ ಅಕ್ಷರಾಂಕಿಗಳೂ ಬೆರೆತ ಉದ್ದನೆಯ ಸಾಲುಗಳಾಗಿ ಕಾಣಿಸಬಹುದು. ಉದಾಹರಣೆಗೆ ಕ ಎಂಬ ಅಕ್ಷರವು =ಇ0=ಬಿ2=95 ಎಂಬ ಮೂರು ಭಾಗಗಳಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ. ಕಡತ ಕೆಟ್ಟಿದೆಯೆಂದು ಇದನ್ನು ಅಳಿಸಬಾರದು. ಇದು ಆ ಕಾಲದ ಸಂಕೇತ ಪದ್ಧತಿ ಮಾತ್ರವಾಗಿದ್ದು, ಇದೇ ಕಡತವನ್ನು ಇಂದಿನ ಆಂಡ್ರಾಯ್ಡ್ ದೂರವಾಣಿಯ ಕಾಂಟ್ಯಾಕ್ಟ್ಸ್‌ಗೆ ಆಮದು ಮಾಡಿದಲ್ಲಿ ಹೆಸರುಗಳು ಸಾಮಾನ್ಯವಾಗಿ ಕನ್ನಡದಲ್ಲಿಯೇ ಮೂಡುತ್ತವೆ.

ಸಾಕ್ಷ್ಯವಾಗಿ ಬಳಸುವ ಸಂದರ್ಭ ಮತ್ತು ವಿಲೇವಾರಿ

ದೂರವಾಣಿಯಲ್ಲಿನ ಸಂದೇಶ ಅಥವಾ ಛಾಯಾಚಿತ್ರವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವ ಉದ್ದೇಶವಿದ್ದಲ್ಲಿ ದೂರವಾಣಿಯನ್ನೂ ಮೆಮೊರಿ ಕಾರ್ಡನ್ನೂ ಹಾಗೆಯೇ ಕಾಪಾಡಿಕೊಳ್ಳತಕ್ಕದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಪ್ರಕರಣ 63ರ ಅಡಿಯಲ್ಲಿ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕಾಗಿದ್ದು, ಅದರ ನಮೂನೆಯಲ್ಲಿ ಸಾಧನದ ವಿವರವನ್ನೂ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕಿದೆ. ಇಂತಹ ಸಂದರ್ಭದಲ್ಲಿ ಸ್ವತಃ ಪ್ರಯೋಗಕ್ಕೆ ತೊಡಗದೆ ವಕೀಲರ ಸಲಹೆ ಪಡೆಯತಕ್ಕದ್ದು.

ಬೇರೆ ಸಂದರ್ಭಗಳಲ್ಲಿ, ಪಡೆದ ಕಡತಗಳನ್ನು ಎರಡು ಕಡೆ ಉಳಿಸಿ, ಅವು ತೆರೆಯುತ್ತವೆಯೆಂದು ಖಚಿತಪಡಿಸಿಕೊಂಡ ನಂತರವೇ ದೂರವಾಣಿಯ ವಿಲೇವಾರಿ ಬಗ್ಗೆ ಯೋಚಿಸತಕ್ಕದ್ದು. ಹಳೆಯ ದೂರವಾಣಿ ಮತ್ತು ಬ್ಯಾಟರಿಗಳನ್ನು ಮನೆಯ ಕಸದೊಂದಿಗೆ ಹಾಕುವಂತಿಲ್ಲ. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಇವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅಧಿಕೃತ ಮರುಬಳಕೆದಾರರಿಗೆ ಅಥವಾ ಅವರ ಸಂಗ್ರಹಣಾ ಕೇಂದ್ರಕ್ಕೆ ನೀಡಿ ರಸೀದಿ ಪಡೆಯತಕ್ಕದ್ದು.